ಹಿನ್ನೀರಿನ ದಂಡೆಗೆ ಕ್ಯಾರವಾನ್ ಒಯ್ಯುವವರು ಮೊದಲು ಮಣ್ಣು ನೋಡಿ

ಸಾಲು ರಜೆ ಬಂತೆಂದರೆ ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಯಾವುದಾದರೂ ಒಂದು ಕ್ಯಾರವಾನ್, ಅಂದರೆ ಒಳಗೇ ಮಲಗುವ, ಅಡುಗೆ ಮಾಡುವ ಅನುಕೂಲವಿರುವ ಗಾಡಿ, ಎರೆ ಮಣ್ಣಿನಲ್ಲಿ ಅಚ್ಚಿನವರೆಗೆ ಹೂತು ನಿಂತಿರುತ್ತದೆ. ಮಕ್ಕಳು ಬಿಸಿಲಿನಲ್ಲಿ, ದೊಡ್ಡವರು ಟ್ರ್ಯಾಕ್ಟರ್ ಹುಡುಕಿಕೊಂಡು ಹತ್ತಿರದ ಊರಿನ ದಾರಿಯಲ್ಲಿ. ಅವರ ಬಳಿ ಮಡಚುವ ಕುರ್ಚಿ, ದೀಪದ ಸರ, ಒಲೆ ಎಲ್ಲವೂ ಇರುತ್ತವೆ. ಗಾಡಿ ಇಳಿದು ನಾಲ್ಕು ಹೆಜ್ಜೆ ನಡೆದು ನೆಲ ನೋಡಿದವರು ಮಾತ್ರ ಯಾರೂ ಇರುವುದಿಲ್ಲ. ಆದ್ದರಿಂದ ಈ ಲೇಖನದ ಹೆಚ್ಚಿನ ಪಾಲು ನೆಲದ ಬಗ್ಗೆಯೇ ಇದೆ.

ಯಾವಾಗ, ಎಲ್ಲಿಗೆ

ನವೆಂಬರ್‌ನಿಂದ ಫೆಬ್ರುವರಿ. ಬೇರೆ ತಿಂಗಳು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಿಸಿಲಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆಗೆ ಕೃಷ್ಣೆ ರಾತ್ರೋರಾತ್ರಿ ಏರುತ್ತಾಳೆ. ಅಣೆಕಟ್ಟಿನ ಕೆಳಗಿನ ನದಿಪಾತ್ರದಲ್ಲಂತೂ ಯಾವ ತಿಂಗಳಲ್ಲೂ ಬಿಡಾರ ಹೂಡಬಾರದು.

ಬೆಳಗಾವಿಯವರಿಗೆ ಘಟಪ್ರಭೆಯ ಹಿಡಕಲ್ ಜಲಾಶಯ, ಸವದತ್ತಿ ಕಡೆಯವರಿಗೆ ಮಲಪ್ರಭೆಯ ನವಿಲುತೀರ್ಥ, ವಿಜಯಪುರ–ಬಾಗಲಕೋಟೆಯವರಿಗೆ ಆಲಮಟ್ಟಿ. ಮಕ್ಕಳಿದ್ದರೆ ನಾನು ಆಲಮಟ್ಟಿಯನ್ನೇ ಹೇಳುವುದು. ಹಗಲು ಉದ್ಯಾನ, ರಾಕ್ ಗಾರ್ಡನ್ ನೋಡಬಹುದು, ಮರುದಿನ ಕೂಡಲಸಂಗಮಕ್ಕೆ ಹೋಗಿಬರಬಹುದು. ಆಲಮಟ್ಟಿ ಜಲಾಶಯದ ಸುತ್ತಲಿನ ಜಾಗ ಸರ್ಕಾರದ ಕೃಷ್ಣಾ ಭಾಗ್ಯ ಜಲ ನಿಗಮದ್ದು. ರಾತ್ರಿ ಗಾಡಿ ನಿಲ್ಲಿಸಬೇಕೆಂದರೆ ಮುಂಚಿತವಾಗಿ ಕೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಖಾಸಗಿ ಹೊಲವಾದರೆ ಹೊಲದ ಯಜಮಾನರನ್ನು ಕೇಳಿ. ಅವರ ಮನೆಯ ಅಂಗಳಕ್ಕಿಂತ ಸುರಕ್ಷಿತ ಜಾಗ ಸಿಗುವುದಿಲ್ಲ.

ಗಾಡಿ

ಕ್ಯಾರವಾನ್ ಎಂದೇ ನೋಂದಣಿಯಾದ ಗಾಡಿಯನ್ನೇ ಬಾಡಿಗೆಗೆ ಹಿಡಿಯಿರಿ. ಹಳೆಯ ಟೆಂಪೊ ಟ್ರಾವೆಲರ್‌ನ ಸೀಟು ಕಿತ್ತು ಮಂಚ ಕೂರಿಸಿದ ಗಾಡಿಗಳೂ ಸಿಗುತ್ತವೆ. ಆರ್‌ಟಿಒ ಒಪ್ಪಿಗೆಯಿಲ್ಲದೆ ಹಾಗೆ ಮಾರ್ಪಡಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಗೂ ತೊಡಕು. ಕತ್ತಲಾಗುವ ಮೊದಲೇ ತಲುಪುವಂತೆ ಹೊರಡಿ. ಇದು ಕಬ್ಬಿನ ಹಂಗಾಮು. ಹಿಂದೆ ದೀಪವಿಲ್ಲದ, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ರಾತ್ರಿ ಹತ್ತಿರ ಬರುವವರೆಗೂ ಕಾಣುವುದಿಲ್ಲ.

ನಿಲ್ಲಿಸುವ ಜಾಗ

ಎಲ್ಲರೂ ಎಡವುವುದು ಇಲ್ಲಿ. ನೀರು ಹಿಂದೆ ಸರಿದಾಗ ದಂಡೆಯಲ್ಲಿ ಉಳಿಯುವುದು ಎರೆ ಮಣ್ಣು ಮತ್ತು ಹೂಳು. ಮೇಲ್ಪದರ ಬಿಸಿಲಿಗೆ ಹಪ್ಪಳದಂತೆ ಒಣಗಿ ಬಿರಿದಿರುತ್ತದೆ, ಅದರ ಕೆಳಗೆ ವಾರಗಟ್ಟಲೆ ಹಸಿ ಆರುವುದಿಲ್ಲ. ಮನುಷ್ಯರನ್ನು, ದನಗಳನ್ನು ಆ ನೆಲ ತಡೆದುಕೊಳ್ಳುತ್ತದೆ. ದನ ನಡೆದ ಹೆಜ್ಜೆ ಕಂಡು ‘ಗಟ್ಟಿ ಇದೆ’ ಎಂದು ಮೂರು ಟನ್ ತೂಗುವ ಗಾಡಿ ಇಳಿಸಿದರೆ ಗಾಲಿ ಆ ಪದರವನ್ನು ಒಡೆದು ಕೆಳಗಿನ ಕೆಸರಿಗೆ ಇಳಿಯುತ್ತದೆ.

ಗಾಡಿಯನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು ಇಳಿಯಿರಿ. ಕೈಯಲ್ಲೊಂದು ಕಬ್ಬಿಣದ ಸಲಾಕೆ ಇರಲಿ. ಗಾಡಿ ಹೋಗುವ ದಾರಿಯುದ್ದಕ್ಕೂ ಐದಾರು ಹೆಜ್ಜೆಗೊಮ್ಮೆ ಅದನ್ನು ಒಂದು ಅಡಿ ಆಳಕ್ಕೆ ಒತ್ತಿ ತೆಗೆಯಿರಿ. ತುದಿಗೆ ಕರಿ ಹಸಿ ಮಣ್ಣು ಮೆತ್ತಿಕೊಂಡು ಬಂದರೆ ಆ ದಾರಿ ಬಿಡಿ. ಸಲಾಕೆ ನಾಲ್ಕು ಬೆರಳು ಇಳಿದು ಕರ್ ಎಂದು ನಿಂತರೆ ಅದು ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ನೆಲ. ನಿಮಗೆ ಬೇಕಾದದ್ದು ಅದೇ. ಗರಸಿನ ನೆಲ ಸಾಮಾನ್ಯವಾಗಿ ದಿನ್ನೆಯ ಮೇಲಿರುತ್ತದೆ, ನೀರಿನಿಂದ ದೂರ. ದೂರವೇ ಇರಲಿ. ನೀರಿನ ಅಂಚಿಗೆ ಗಾಡಿ ಒಯ್ಯುವ ಆಸೆಯನ್ನು ಪೂರ್ತಿ ಬಿಡಬೇಕು.

ಆ ದಿನ್ನೆಯಿಂದ ರಸ್ತೆಯವರೆಗೂ ಗರಸೇ ಇರಬೇಕು. ನಡುವೆ ಒಂದೇ ಒಂದು ಎರೆ ಹೊಲ ಬಂದರೂ ಸಾಕು, ನವೆಂಬರ್‌ನ ಅಕಾಲದ ಮಳೆ ಒಂದು ತಾಸು ಸುರಿದರೆ ಗಾಡಿ ಎರಡು ದಿನ ಅಲ್ಲೇ.

ಆಲಮಟ್ಟಿ ಹಿನ್ನೀರು ಹಳ್ಳಿಗಳನ್ನು, ಹಳೆಯ ಬಾಗಲಕೋಟೆಯ ಭಾಗವನ್ನು ಮುಳುಗಿಸಿ ನಿಂತ ನೀರು. ಇಳಿದಾಗ ಹಳೆಯ ಬಾವಿ, ಗೋಡೆಯ ಅಡಿಪಾಯ ಹೊರಬರುತ್ತವೆ. ಹೂಳು ಮುಚ್ಚಿದ ಬಾವಿಯ ಬಾಯಿ ಹಗಲಿನಲ್ಲೂ ಮೋಸ ಮಾಡುತ್ತದೆ. ಜಾಲಿ ಗಿಡದ ಬುಡವೂ ಬೇಡ, ಒಣಗಿದ ಮುಳ್ಳು ಟೈರಿನೊಳಗೆ ಸಲೀಸಾಗಿ ಹೋಗುತ್ತದೆ.

ಜಾಗ ಸಿಕ್ಕ ಮೇಲೆ ಗಾಡಿಯ ಮುಖ ರಸ್ತೆಯ ಕಡೆಗಿರಲಿ. ಅರ್ಧ ನೀರು ತುಂಬಿದ ಬಾಟಲಿಯನ್ನು ಒಳಗೆ ನೆಲದ ಮೇಲೆ ಅಡ್ಡ ಮಲಗಿಸಿ, ಯಾವ ಬದಿ ತಗ್ಗಿದೆ ಎಂದು ಗೊತ್ತಾಗುತ್ತದೆ. ಆ ಬದಿಯ ಗಾಲಿಯ ಮುಂದೆ ದಪ್ಪ ಹಲಗೆ ಇಟ್ಟು ಗಾಡಿಯನ್ನು ಮೆಲ್ಲಗೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು ಗಾಲಿಗೆ ಕಲ್ಲು ಕೊಡಿ. ಜಾಕ್ ಏರಿಸಿ ಸಮ ಮಾಡಲು ಹೋಗಬೇಡಿ, ಮಲಗಿದವರು ಹೊರಳಿದಾಗ ಜಾಕ್ ಜಾರುತ್ತದೆ.

ಇಷ್ಟಾಗಿಯೂ ಹೂತರೆ ಮೊದಲ ಕೆಲಸ ಎಕ್ಸಲರೇಟರ್‌ನಿಂದ ಕಾಲು ತೆಗೆಯುವುದು. ಗಾಲಿ ಸುತ್ತಿದಷ್ಟೂ ಆಳಕ್ಕೆ ಹೋಗುತ್ತದೆ. ಗಾಲಿಯ ಮುಂದಿನ ಮಣ್ಣು ತೋಡಿ ತೆಗೆಯಿರಿ, ಟೈರಿನ ಗಾಳಿಯನ್ನು ಅರ್ಧದಷ್ಟು ಇಳಿಸಿ, ಹಲಗೆ ಅಥವಾ ಜೋಳದ ಕಣಕಿ (ಒಣ ದಂಟು) ಹಾಸಿ ಮೆಲ್ಲಗೆ ಹೊರಡಿಸಿ. ಗಾಲಿಯಡಿ ಹಾಸಲೆಂದು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಪಟ್ಟಿಗಳಿಗೆ ದುಡ್ಡು ಹಾಕಬೇಡಿ, ಇಂಥ ತೂಕಕ್ಕೆ ಅವು ಸೀಳುತ್ತವೆ. ಕಣಕಿ ಪುಕ್ಕಟೆ ಸಿಗುತ್ತದೆ, ಹಿಡಿತವೂ ಹೆಚ್ಚು, ಹೊಲದವರನ್ನು ಕೇಳಿ ತನ್ನಿ. ಟ್ರ್ಯಾಕ್ಟರ್ ಬಂದರೆ ಹಗ್ಗವನ್ನು ಗಾಡಿಯ ಎಳೆಯುವ ಕೊಂಡಿಗೇ ಕಟ್ಟಬೇಕು, ಬಂಪರ್‌ಗೆ ಕಟ್ಟಿದರೆ ಬಂಪರ್ ಮಾತ್ರ ಈಚೆ ಬರುತ್ತದೆ. ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು.

ಕರೆಂಟು, ನೀರು, ಗ್ಯಾಸ್

12 ವೋಲ್ಟ್, 100 ಆಂಪಿಯರ್-ಅವರ್‌ನ ಸಾಮಾನ್ಯ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಅಂದರೆ ಸುಮಾರು 600 ವಾಟ್-ಅವರ್. 30 ವಾಟ್‌ನ ಫ್ಯಾನ್ 8 ತಾಸಿಗೆ 240 ವಾಟ್-ಅವರ್ ತಿನ್ನುತ್ತದೆ. ಉಳಿದದ್ದರಲ್ಲಿ ದೀಪ, ಫೋನು, ಸಣ್ಣ ಫ್ರಿಜ್ ಹೇಗೋ ನಡೆಯುತ್ತವೆ. ಅದೇ ಬ್ಯಾಟರಿಯಲ್ಲಿ ಎ.ಸಿ. ಓಡಿಸಿದರೆ ಅರ್ಧ ತಾಸಿಗೆ ಮುಗಿಯಿತು. ನಮ್ಮ ಚಳಿಗಾಲಕ್ಕೆ ಎ.ಸಿ. ಬೇಕೂ ಇಲ್ಲ.

ತಲೆಗೆ ದಿನಕ್ಕೆ 15 ಲೀಟರ್ ನೀರು ಮನೆಯಿಂದಲೇ ತುಂಬಿಕೊಳ್ಳಿ. ಪಾತ್ರೆ ತೊಳೆದ ನೀರು, ಶೌಚದ ಡಬ್ಬಿ ಯಾವುದನ್ನೂ ಜಲಾಶಯದ ಕಡೆ ಚೆಲ್ಲಬೇಡಿ. ಎಷ್ಟೋ ಊರುಗಳು ಅದೇ ನೀರು ಕುಡಿಯುತ್ತವೆ. ಡಬ್ಬಿಯನ್ನು ಮುಚ್ಚಿಕೊಂಡು ಹೋಗಿ ಊರಿನ ಶೌಚಾಲಯದಲ್ಲೇ ಖಾಲಿ ಮಾಡಿ.

ಒಲೆ ಹಚ್ಚುವಾಗ ಕಿಟಕಿ, ಬಾಗಿಲು ತೆರೆದಿರಲಿ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ಶೇಖರವಾಗುತ್ತದೆ. ಚಳಿ ಎಂದು ಗಾಡಿಯೊಳಗೆ ಕೆಂಡದ ಬುಟ್ಟಿ ಇಡುವವರನ್ನು ಕಂಡಿದ್ದೇನೆ. ಖಂಡಿತ ಬೇಡ, ಆ ಹೊಗೆಯ ವಿಷಗಾಳಿ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಒಂದೆರಡು ರಾತ್ರಿಯ ಬಿಡಾರಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡರೆ ಒಲೆಯ ಕೆಲಸ ಚಹಾಕ್ಕೆ ಮುಗಿಯುತ್ತದೆ.

ನೀರಿಗಿಳಿಯುವ ಮಾತು

ಇಳಿಯಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಹಿನ್ನೀರಿನಲ್ಲೂ ಇವೆ. ಪಾತ್ರೆ ತೊಳೆಯಲು, ಕೈಕಾಲು ತೊಳೆಯಲು ಕೂಡ ದಂಡೆಯಲ್ಲಿ ಕೂರಬಾರದು. ಮುಸ್ಸಂಜೆ ಕವಿಯುವ ಮೊದಲೇ ಮಕ್ಕಳನ್ನು ಗಾಡಿಯ ಬಳಿಗೆ ಕರೆಯಿರಿ. ಹಕ್ಕಿ ನೋಡುವುದಿದ್ದರೆ ಬೈನಾಕ್ಯುಲರ್ ಹಿಡಿದು ದಿನ್ನೆಯ ಮೇಲೆಯೇ ಕೂರಿ. ಬೀಳಗಿ ತಾಲ್ಲೂಕಿನ ಹೆರಕಲ್ ಕಡೆ ಅದೃಷ್ಟವಿದ್ದರೆ ರಾಜಹಂಸಗಳ ಹಿಂಡು ಕಾಣುತ್ತದೆ. ಹತ್ತಿರ ಹೋದರೆ ಇಡೀ ಹಿಂಡು ಏಳುತ್ತದೆ.

ಹೊರಡುವ ಬೆಳಿಗ್ಗೆ ಸಿಲಿಂಡರ್‌ನ ರೆಗ್ಯುಲೇಟರ್ ಬಂದ್ ಮಾಡಿ, ಕಪಾಟುಗಳ ಚಿಲಕ ಹಾಕಿ, ಗಾಲಿಯ ಕಲ್ಲು ತೆಗೆಯಿರಿ. ರಾತ್ರಿ ಮಳೆ ಬಂದಿದ್ದರೆ ಸಲಾಕೆ ಹಿಡಿದು ರಸ್ತೆಯವರೆಗೆ ಇನ್ನೊಮ್ಮೆ ನಡೆದು ನೋಡಿ, ಆಮೇಲೆ ಗಾಡಿ ಚಾಲೂ ಮಾಡಿ.