ಸ್ಕಾಟ್ಲೆಂಡಿನ ಆ ಹುಡುಗ ಸೈನಿಕ ಸಿಗಬೇಕಾದರೆ ಮೊದಲು ಅವನ ಅಮ್ಮನನ್ನು ಹುಡುಕಿ

ಮೊದಲ ಮಹಾಯುದ್ಧದಲ್ಲಿ ಸತ್ತ ಸ್ಕಾಟ್ಲೆಂಡಿನ ಹುಡುಗನೊಬ್ಬನ ಹೆಸರಷ್ಟೇ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಜಾನ್ ಮೆಕ್‌ಡೊನಾಲ್ಡ್ ಥರದ ಹೆಸರು. ಹುಡುಕಿದರೆ ಅದೇ ಹೆಸರಿನವರು ರಾಶಿ ರಾಶಿ ಸಿಗುತ್ತಾರೆ. ನಿಮ್ಮವನು ಯಾರು ಅಂತ ತೋರಿಸುವುದು ಅಮ್ಮನ ತವರಿನ ಹೆಸರು.

ಸ್ಕಾಟ್ಲೆಂಡಿನಲ್ಲಿ ಜನನ ಮರಣಗಳ ನೋಂದಣಿ 1855ರಲ್ಲಿ ಕಡ್ಡಾಯವಾಯಿತು. ಸ್ಕಾಟ್ಲೆಂಡ್ಸ್‌ಪೀಪಲ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಸ್ವಲ್ಪ ದುಡ್ಡು ಕೊಟ್ಟರೆ ಆ ನೋಂದಣಿಯ ಪುಟವನ್ನೇ ನೋಡಬಹುದು. ಅಪ್ಪನ ಕಸುಬು, ಅಮ್ಮನ ತವರು ಹೆಸರು, ಅವರ ಮದುವೆ ಯಾವತ್ತು ಎಲ್ಲಿ ಆಯಿತು, ಎಲ್ಲವೂ ಹುಡುಗನ ಜನನ ದಾಖಲೆಯಲ್ಲೇ ಇರುತ್ತವೆ. ಇಂಗ್ಲೆಂಡಿನ ದಾಖಲೆಯಲ್ಲಿ ಮದುವೆಯ ವಿವರ ಸಿಗುವುದಿಲ್ಲ. ಆಮೇಲೆ 1901, 1911ರ ಜನಗಣತಿ ನೋಡಿ, ಮನೆಯಲ್ಲಿ ಯಾರ್ಯಾರಿದ್ದರು ಗೊತ್ತಾಗುತ್ತದೆ.

ಈಗ ಸೈನ್ಯದ ಕಡೆ ಬನ್ನಿ. ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿಯನ್ನು ಪುಕ್ಕಟೆ ಹುಡುಕಬಹುದು. ಮನೆಯವರು ವಿವರ ಕಳಿಸಿದ್ದರೆ ಅಪ್ಪ ಅಮ್ಮನ ಹೆಸರು, ಊರು ಇರುತ್ತವೆ. ಎಷ್ಟೋ ಮನೆಯವರು ಕಳಿಸಲೇ ಇಲ್ಲ. ವಯಸ್ಸನ್ನು ಮಾತ್ರ ಜನನ ದಾಖಲೆಯ ಜೊತೆ ಹೋಲಿಸಲೇಬೇಕು, ಯಾಕೆಂದರೆ ಹೊರದೇಶಕ್ಕೆ ಹೋಗಲು 19 ತುಂಬಿರಬೇಕು ಅನ್ನುವ ನಿಯಮವಿದ್ದಾಗ ಹದಿನಾರರ ಹುಡುಗರೂ ಸುಳ್ಳು ಹೇಳಿ ಸೇರಿಕೊಂಡಿದ್ದರು.

ಅವನ ಸೇವಾ ದಾಖಲೆ ಸಿಗದಿದ್ದರೆ ಬೇಜಾರಾಗಬೇಡಿ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬ್ ಬಿದ್ದಾಗ ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋದವು. ಆಗ ನೋಡಬೇಕಾದ್ದು ಸೋಲ್ಜರ್ಸ್ ಎಫೆಕ್ಟ್ಸ್ ರಿಜಿಸ್ಟರ್, ಅಂದರೆ ಸತ್ತವನ ಬಾಕಿ ಸಂಬಳ ಯಾರ ಕೈಗೆ ಹೋಯಿತು ಅನ್ನುವ ಲೆಕ್ಕದ ಪುಸ್ತಕ. ಮದುವೆಯಾಗದ ಹುಡುಗನ ಸಾಲಿನಲ್ಲಿ ಎಷ್ಟೋ ಸಲ ಅಮ್ಮ ಅಂತ ಬರೆದು ಮುಂದೆ ಅವಳ ಹೆಸರಿರುತ್ತದೆ. ಪಕ್ಕದಲ್ಲಿ ಕೆಲವು ಪೌಂಡು, ಶಿಲಿಂಗು, ಪೆನ್ಸು. ಆ ಸಾಲು ಓದುವಾಗ ನನಗೆ ಪ್ರತಿ ಸಲ ಹೊಟ್ಟೆ ಹಿಂಡಿದಂತಾಗುತ್ತದೆ. ಅಲ್ಲೇ ವಾರ್ ಗ್ರ್ಯಾಚುಯಿಟಿ ಅನ್ನುವ ಮೊತ್ತವೂ ಇದ್ದರೆ ಅದು ಸೇವೆಯ ಅವಧಿಗೆ ತಕ್ಕಂತೆ ಕೊಟ್ಟದ್ದು, ಅದರಿಂದ ಅವನು ಸುಮಾರು ಯಾವಾಗ ಸೇರಿದ ಅಂತ ಲೆಕ್ಕ ಹಾಕಬಹುದು. ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಸೈನಿಕರ ಉಯಿಲುಗಳೂ ಇವೆ. ಕೆಲವು ಪೇಬುಕ್‌ನ, ಅಂದರೆ ಸೈನಿಕನ ಹತ್ತಿರವೇ ಇರುತ್ತಿದ್ದ ಸಂಬಳದ ಪುಸ್ತಕದ, ಪುಟದಲ್ಲೇ ಕೈಬರಹದಲ್ಲಿವೆ.

ಕೊನೆಗೆ ಅವನ ಬೆಟಾಲಿಯನ್ನಿನ ವಾರ್ ಡೈರಿ, ಅಂದರೆ ಅವನಿದ್ದ ತುಕಡಿ ದಿನದಿನ ಬರೆದಿಟ್ಟ ದಿನಚರಿ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ 95 ಸರಣಿ ಕೇಳಿ. ಸಾಮಾನ್ಯ ಸೈನಿಕನ ಹೆಸರು ಅದರಲ್ಲಿ ಸಿಗುವುದು ಅಪರೂಪ, ಆದರೆ ಅವತ್ತು ಏನಾಯಿತು ಅನ್ನುವುದು ಸಿಗುತ್ತದೆ. ಅವನು ಸತ್ತ ದಿನ 1915ರ ಸೆಪ್ಟೆಂಬರ್ 25 ಅಂತಿದ್ದರೆ, ಅದು ಫ್ರಾನ್ಸಿನ ಲೂಸ್ ಯುದ್ಧ ಶುರುವಾದ ದಿನ. ಸ್ಕಾಟ್ಲೆಂಡಿನ ಎರಡು ಡಿವಿಷನ್‌ಗಳು ಅಲ್ಲಿ ಮುನ್ನುಗ್ಗಿದವು, ಬ್ರಿಟಿಷರೇ ಬಿಟ್ಟ ಕ್ಲೋರಿನ್ ಗ್ಯಾಸ್ ಕೆಲವು ಕಡೆ ಅವರ ಕಂದಕಗಳಿಗೇ ವಾಪಸ್ ಬಂತು. ಹೆಣ ಸಿಗದವನ ಹೆಸರು ಅಲ್ಲಿನ ಡಡ್ ಕಾರ್ನರ್ ಅನ್ನುವ ಸೈನಿಕರ ಸ್ಮಶಾನದ ಸ್ಮಾರಕ ಗೋಡೆಯ ಮೇಲೆ, ಅವನ ರೆಜಿಮೆಂಟಿನ ಕೆಳಗೆ ಕೆತ್ತಿರುತ್ತದೆ.