ಅಕ್ವೇರಿಯಂನಲ್ಲಿ ಮಾಂಟೆ ಕಾರ್ಲೋ ಹಾಸು ಬೆಳೆಸಲು 28 ಎಲ್‌ಇಡಿ ಬೀಡ್ ಸಾಕಾಯಿತು: ನನ್ನ ಅನುಭವ

ಮನೆಯಲ್ಲೇ ಜೋಡಿಸಿದ ಬಿಳಿ ಎಲ್‌ಇಡಿಯಲ್ಲಿ ಮಾಂಟೆ ಕಾರ್ಲೋ (ಅಕ್ವೇರಿಯಂ ತಳದಲ್ಲಿ ಹುಲ್ಲುಹಾಸಿನಂತೆ ಹಬ್ಬುವ ಪುಟ್ಟ ಗಿಡ) ನೆಲ ಹಿಡಿಯುವುದಿಲ್ಲ, ಕಡ್ಡಿಯಂತೆ ಮೇಲಕ್ಕೆ ಏಳುತ್ತದೆ ಅಷ್ಟೇ ಎಂದು ಹೇಳಿದವರು ಒಬ್ಬಿಬ್ಬರಲ್ಲ. 60×30×36 ಸೆಂ.ಮೀ. ಟ್ಯಾಂಕಿನಲ್ಲಿ ಈಗ ಮುಂದಿನ ಗಾಜಿನಿಂದ ಹಿಂದಿನ ಕಲ್ಲಿನವರೆಗೂ ಹಾಸು ಕೂತಿದೆ, ಮೂಲೆಗಳೂ ಸೇರಿ. ಪೂರ್ತಿ ಮುಚ್ಚಲು ಹನ್ನೊಂದು ವಾರ ಹಿಡಿಯಿತು. ಲೈಟಿಗೆ ಆದ ಖರ್ಚು ಅದೇ ಉದ್ದದ ಒಳ್ಳೆಯ ರೆಡಿಮೇಡ್ ಲೈಟಿನ ಬೆಲೆಯ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಅದಕ್ಕೂ ಮೊದಲು ಕೊಂಡು ಮೂಲೆಗೆ ಹಾಕಿದ ಮೂರು ಲೈಟುಗಳನ್ನು ಲೆಕ್ಕಕ್ಕೆ ಹಿಡಿದರೆ ಮಾತ್ರ ಉಳಿತಾಯ ಏನೂ ಇಲ್ಲ. ದುಡ್ಡು ಹೋದದ್ದು ಅಲ್ಲೇ ಆದ್ದರಿಂದ ಮೊದಲು ಅವುಗಳ ವಿಷಯ.

ಒಂದನೆಯದು 12 ವೋಲ್ಟಿನ 5630 ಸ್ಟ್ರಿಪ್, ಸಿಲಿಕೋನ್ ಲೇಪನದ್ದು. 5630 ಎನ್ನುವುದು ಚಿಪ್ಪಿನ ಹೊರಗಿನ ಅಳತೆ, ಅಷ್ಟೇ. ಅರ್ಧ ವ್ಯಾಟಿನದು ಎಂದು ಮಾರುವ ಚಿಪ್ ಅಗ್ಗದ ಸ್ಟ್ರಿಪ್ಪಿನಲ್ಲಿ 0.2 ವ್ಯಾಟಿನ ಆಸುಪಾಸಿನಲ್ಲಿ ಓಡುತ್ತಿತ್ತು. ಒಂದೇ ತುದಿಯಿಂದ ಕರೆಂಟು ಕೊಟ್ಟಿದ್ದಕ್ಕೆ ಕೊನೆಯ ಸಾಲು ಕಣ್ಣಿಗೇ ಮಂಕಾಗಿ ಕಾಣುತ್ತಿತ್ತು. ನೀರಿನ ಆವಿಗೆ ಹಿಂದಿನ ಅಂಟು ಬಿಟ್ಟಿತು, ವರ್ಷ ತುಂಬುವ ಹೊತ್ತಿಗೆ ಸಿಲಿಕೋನ್ ಹಳದಿಯಾಯಿತು.

ಎರಡನೆಯದು ಕೆಂಪು-ನೀಲಿ ಮಾತ್ರ ಇರುವ ಗ್ರೋ ಲೈಟ್. ಗಿಡ ಬೆಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ, ರೋಟಾಲಾ ಎಂಬ ಕಾಂಡದ ಗಿಡ ಚೆನ್ನಾಗಿಯೇ ಬಂತು. ಆದರೆ ಆ ನೇರಳೆ ಬೆಳಕಿನಲ್ಲಿ ಹಸಿರೆಲೆ ಕಪ್ಪಾಗಿ ಕಾಣುತ್ತದೆ. ಯಾವ ಎಲೆ ಹಳದಿಗೆ ತಿರುಗಿದೆ, ಎಲ್ಲಿ ಪಾಚಿ ಶುರುವಾಗಿದೆ ಎಂದು ಗೊತ್ತಾಗುವುದೇ ಇಲ್ಲ. ಗಾಜಿನ ಮೇಲೆ ಹಸಿರು ಚುಕ್ಕೆ ಪಾಚಿ ದಪ್ಪಗೆ ಕೂತ ಮೇಲೆ ತಿಳಿಯಿತು.

ಮೂರನೆಯದು 50 ವ್ಯಾಟ್ ಎಂದು ಬರೆದಿದ್ದ ಕಾಬ್ (ಹಲವು ಚಿಪ್‌ಗಳನ್ನು ಒಂದೇ ಕಡೆ ಒತ್ತಾಗಿ ಕೂರಿಸಿದ) ಫ್ಲಡ್‌ಲೈಟ್. ಪ್ಲಗ್ ಮೀಟರಿಗೆ ಹಾಕಿದರೆ ಎಳೆದದ್ದು 28 ವ್ಯಾಟ್. ಒಂದೇ ಬಿಂದುವಿನಿಂದ ಬರುವ ಬೆಳಕಾದ್ದರಿಂದ ನೀರಿನ ಅಲೆಯ ಮಿನುಗು ನೋಡಲು ಬಲು ಚೆಂದ, ನೆರಳೂ ಅಷ್ಟೇ ಗಾಢ. ಕಾಂಡದ ಗಿಡಗಳ ಕೆಳಗಿನ ಎಲೆಗಳು ಉದುರಿದವು, ಹಾಸು ನಡುವೆ ಊಟದ ತಟ್ಟೆಯಷ್ಟಗಲ ಬಂದು ನಿಂತಿತು.

ಆಮೇಲೆ ವ್ಯಾಟ್, ಲ್ಯೂಮೆನ್ ನೋಡಿ ಕೊಳ್ಳುವುದನ್ನೇ ಬಿಟ್ಟೆ. ಲ್ಯೂಮೆನ್ ಲೆಕ್ಕ ನಮ್ಮ ಕಣ್ಣಿಗೆ, ಗಿಡಕ್ಕಲ್ಲ. ಗಿಡಕ್ಕೆ ಬೇಕಾದ್ದು 400ರಿಂದ 700 ನ್ಯಾನೋಮೀಟರಿನ ಬೆಳಕು, ಅಂದರೆ ಪಾರ್, ಅದೂ ತಳದ ಮಣ್ಣಿನ ಮಟ್ಟದಲ್ಲಿ ಎಷ್ಟು ಸಿಗುತ್ತದೆ ಎನ್ನುವುದು. ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್‌ಗೆ 20-30 ಸಾಕು (ಪಾರ್ ಅಂಕಿ ಚದರ ಮೀಟರಿಗೆ, ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ ಎಂದು). ಸಾಮಾನ್ಯ ಕಾಂಡದ ಗಿಡಗಳಿಗೆ 40-50. ನೆಲದ ಹಾಸು ಚೆನ್ನಾಗಿ ಹಬ್ಬಲು 60ರ ಮೇಲಿದ್ದರೆ ಒಳ್ಳೆಯದು, ಅಷ್ಟು ಬೆಳಕಿಗೆ ನೀರಿಗೆ ಇಂಗಾಲದ ಡೈಆಕ್ಸೈಡ್ ಬಿಡುವುದೂ ಬೇಕು.

ಪಾರ್ ಮೀಟರ್ ಕೊಳ್ಳುವ ದುಡ್ಡಿಗೆ ಎರಡು ಲೈಟು ಬರುತ್ತದೆ. ನಾನು ಬಳಸಿದ್ದು ಸಾದಾ ಲಕ್ಸ್ ಮೀಟರ್. 6500 ಕೆಲ್ವಿನ್ ಬಿಳಿ ಎಲ್‌ಇಡಿಯಾದರೆ ಲಕ್ಸನ್ನು ಸುಮಾರು 70ರಿಂದ ಭಾಗಿಸಿದರೆ ಪಾರ್ ಹತ್ತಿರಹತ್ತಿರ ಸಿಗುತ್ತದೆ. 5000 ಲಕ್ಸ್ ಬಂದರೆ 70ರಷ್ಟು ಪಾರ್ ಎಂದು ಹಿಡಿಯಿರಿ. ನೇರಳೆ ಲೈಟಿಗೆ ಈ ಲೆಕ್ಕ ನಡೆಯುವುದಿಲ್ಲ. ನೀರು ತುಂಬುವ ಮೊದಲು ಖಾಲಿ ಟ್ಯಾಂಕಿನ ತಳದಲ್ಲಿ ಒಂಬತ್ತು ಕಡೆ ಅಳೆದು ಕಾಗದದ ಮೇಲೆ ಚೌಕ ಹಾಕಿ ಬರೆದಿಟ್ಟುಕೊಂಡೆ. ನೀರು ತುಂಬಿದ ಮೇಲೆ ಬೆಳಕು ತೀರಾ ಕುಸಿಯುವುದಿಲ್ಲ, ಪಕ್ಕದ ಗಾಜುಗಳು ಅದನ್ನು ಒಳಕ್ಕೇ ಮರಳಿಸುತ್ತವೆ.

ಇನ್ನು ಜೋಡಣೆ. ಮೂರು ವ್ಯಾಟ್ ರೇಟಿಂಗಿನ 6500 ಕೆಲ್ವಿನ್ ಬಿಳಿ ಬೀಡ್ 24, 660 ನ್ಯಾನೋಮೀಟರಿನ ಕೆಂಪು 4, ಎಲ್ಲವೂ ಸ್ಟಾರ್ ಬೋರ್ಡ್ ಎಂಬ ಚಿಕ್ಕ ಲೋಹದ ತಟ್ಟೆಯ ಮೇಲೆ ಕೂರಿಸಿದವು. ಬಿಸಿ ಹೊರಹಾಕಲು ರೆಕ್ಕೆಗಳಿರುವ, 55 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಹೀಟ್‌ಸಿಂಕ್. ಮೂರು ವ್ಯಾಟಿನ ಬೀಡನ್ನು 700 ಮಿಲಿಆಂಪಿನಲ್ಲಿ ಓಡಿಸದೆ 350ರಲ್ಲಿ ಓಡಿಸಿದೆ. ನನ್ನ ಲೈಟಿನ ಗುಟ್ಟೆಲ್ಲ ಇದೇ. ಒಂದೊಂದಕ್ಕೂ ಒಂದು ವ್ಯಾಟಿಗಿಂತ ಸ್ವಲ್ಪ ಹೆಚ್ಚು ಬೀಳುತ್ತದೆ, ಬೀಡ್ ತಂಪಾಗಿರುತ್ತದೆ, ಪ್ರತಿ ವ್ಯಾಟಿಗೆ ಸಿಗುವ ಬೆಳಕೂ ಜಾಸ್ತಿ. ಬೀಡ್‌ಗಳಿಗೆ ಖರ್ಚು ಹೆಚ್ಚಾಗುತ್ತದೆ ನಿಜ, ಫ್ಯಾನಿನ ಖರ್ಚು ಮತ್ತು ಗದ್ದಲ ಎರಡೂ ತಪ್ಪುತ್ತವೆ. ನಾಲ್ಕು ಗಂಟೆ ಉರಿದ ಮೇಲೂ ಹೀಟ್‌ಸಿಂಕಿನ ಮೇಲೆ ಬೆರಳಿಟ್ಟು ಐದು ಎಣಿಸಲು ಆಗಬೇಕು. ಆಗದಿದ್ದರೆ ಹೀಟ್‌ಸಿಂಕ್ ಚಿಕ್ಕದಾಗಿದೆ ಅಥವಾ ಕರೆಂಟು ಹೆಚ್ಚಾಗಿದೆ. ಬೋರ್ಡಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬೆಂಕಿಕಡ್ಡಿಯ ತಲೆಯಷ್ಟು ಸಾಕು.

ಒಂದು ಸಾಲಿನಲ್ಲಿ 12 ಬಿಳಿ, 2 ಕೆಂಪು, ಸರಣಿಯಲ್ಲಿ. ಬಿಳಿಗೆ 3.2 ವೋಲ್ಟ್, ಕೆಂಪಿಗೆ 2.2ರಂತೆ ಒಟ್ಟು 43 ವೋಲ್ಟಿನ ಹತ್ತಿರ. ಬೀಡ್‌ಗಳಿಗೆ ನಿಗದಿತ ಕರೆಂಟು ಕೊಡುವ ಡ್ರೈವರಿನ ಔಟ್‌ಪುಟ್ ವ್ಯಾಪ್ತಿ ಈ ಸಂಖ್ಯೆಯ ಎರಡೂ ಕಡೆಗೆ ಧಾರಾಳವಾಗಿರಬೇಕು, ಗಡಿಯಲ್ಲಿದ್ದರೆ ಮಿಣಮಿಣ ಎನ್ನುತ್ತದೆ. ಒಂದು ಸಾಲಿಗೆ ಒಂದು ಡ್ರೈವರ್. 700 ಮಿಲಿಆಂಪಿನ ಒಂದೇ ಡ್ರೈವರಿಗೆ ಎರಡು ಸಾಲನ್ನು ಸಮಾಂತರವಾಗಿ ಕೊಟ್ಟು ದುಡ್ಡು ಉಳಿಸಲು ಹೋಗಿದ್ದೆ. ಬಿಸಿಯಾದ ಸಾಲು ಹೆಚ್ಚು ಕರೆಂಟು ಎಳೆಯಿತು, ಇನ್ನಷ್ಟು ಬಿಸಿಯಾಯಿತು, ಕೊನೆಗೆ ಒಂದು ಬೀಡ್ ಸುಟ್ಟಿತು. ಆ ಸಾಲು ಆರಿದೊಡನೆ ಪೂರ್ತಿ 700 ಇನ್ನೊಂದಕ್ಕೆ ನುಗ್ಗಿತು. ಡ್ರೈವರ್ ಐಸೊಲೇಟೆಡ್, ಅಂದರೆ ಔಟ್‌ಪುಟ್‌ಗೆ ಮನೆಯ ಕರೆಂಟಿನ ನೇರ ಸಂಪರ್ಕವಿಲ್ಲದ್ದು ಆಗಿರಲೇಬೇಕು. ನೀರಿನ ಮೇಲೆ ನೇತಾಡುವ ಲೈಟಿಗೆ ಐಸೊಲೇಷನ್ ಇಲ್ಲದ ಅಗ್ಗದ ಡ್ರೈವರ್ ಹಾಕುವುದು ಪ್ರಾಣದ ಜೊತೆ ಆಟ. ವೈರು ಪ್ಲಗ್ಗಿಗಿಂತ ಕೆಳಗೆ ಒಂದು ಬಾಗು ತೆಗೆದುಕೊಂಡು ಮೇಲೇರಬೇಕು, ಹನಿ ಅಲ್ಲೇ ತೊಟ್ಟಿಕ್ಕಲಿ.

ಲೆನ್ಸ್ ಬೇಡ. 60 ಡಿಗ್ರಿಯ ಲೆನ್ಸ್ ಹಾಕಿ ನೋಡಿದೆ: ನಡುವೆ 150ರಷ್ಟು ಪಾರ್, ಮೂಲೆಯಲ್ಲಿ 25. ತೆಗೆದು ಬರಿ ಬೀಡನ್ನೇ ನೀರಿನಿಂದ 20 ಸೆಂ.ಮೀ. ಎತ್ತರಕ್ಕೆ ತೂಗುಹಾಕಿದಾಗ ನಡುವೆ 80, ಮೂಲೆಯಲ್ಲಿ 45-50. ಬೀಡ್‌ಗಳನ್ನು ಸಮ ಅಂತರದಲ್ಲಿ ಕೂರಿಸಿದ್ದರೆ ಮೂಲೆಗೆ ಇಷ್ಟು ಬರುತ್ತಿರಲಿಲ್ಲ, ತುದಿಗಳ ಕಡೆ ಒತ್ತಾಗಿ ಕೂರಿಸಿದ್ದೇನೆ. ಅಂತರದ ಲೆಕ್ಕ ಮಾತ್ರ ನನ್ನಲ್ಲೇ ಇರಲಿ, ಕಷ್ಟಪಟ್ಟು ಕಂಡುಕೊಂಡದ್ದು. ಲಕ್ಸ್ ಮೀಟರ್ ಇಟ್ಟುಕೊಂಡು ಒಂದು ಸಂಜೆ ಕೂತರೆ ನಿಮಗೂ ಸಿಗುತ್ತದೆ.

ಲೈಟ್ ಸರಿಯಾದ ಮೇಲೂ ಕೆಡಿಸುವುದು ಆತುರ. ಮೊದಲ ಮೂರು ವಾರ ಲೈಟನ್ನು 35 ಸೆಂ.ಮೀ.ಗೆ ಏರಿಸಿಟ್ಟು ದಿನಕ್ಕೆ ಆರೇ ಗಂಟೆ. ಹೀಗೆ ಏರಿಸಿದ್ದಕ್ಕೆ ತಳದ ಬೆಳಕು ಮೂರನೇ ಒಂದರಷ್ಟು ಇಳಿಯಿತು, ಡಿಮ್ಮರ್ ಬೇಕಾಗಲಿಲ್ಲ. ನಾಲ್ಕನೇ ವಾರದಿಂದ ವಾರಕ್ಕೆ 5 ಸೆಂ.ಮೀ. ಇಳಿಸುತ್ತಾ ಎಂಟು ಗಂಟೆಗೆ ಬಂದೆ. ಇಂಗಾಲದ ಡೈಆಕ್ಸೈಡ್ ಬಿಡುವುದು ಲೈಟ್ ಹತ್ತುವ ಎರಡು ಗಂಟೆ ಮೊದಲೇ ಶುರು. ಲೈಟ್ ಹತ್ತುವಾಗ ಡ್ರಾಪ್ ಚೆಕ್ಕರ್ (ನೀರಿನಲ್ಲಿ ಆ ಗ್ಯಾಸ್ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಬುರುಡೆ) ಇನ್ನೂ ನೀಲಿಯಿದ್ದರೆ, ಅಂದರೆ ಗ್ಯಾಸ್ ಕಡಿಮೆಯಿದ್ದರೆ, ಆ ದಿನದ ಬೆಳಕು ಪಾಚಿಗೆ.

ದಿನವೂ ಮೀಟರ್ ಹಿಡಿಯಬೇಕಿಲ್ಲ, ಗಿಡವೇ ಹೇಳುತ್ತದೆ. ರೋಟಾಲಾದ ಗೆಣ್ಣಿನಿಂದ ಗೆಣ್ಣಿಗೆ ಎರಡು ಸೆಂ.ಮೀ. ದಾಟಿದರೆ ಬೆಳಕು ಕಡಿಮೆ, ಒಂದರ ಒಳಗಿದ್ದರೆ ಸಾಕಷ್ಟಿದೆ. ಮಾಂಟೆ ಕಾರ್ಲೋದ ಹೊಸ ಬಳ್ಳಿ ಮಣ್ಣಿಗೆ ಒತ್ತಿಕೊಂಡು ಹರಿದು ಪ್ರತಿ ಗೆಣ್ಣಿನಲ್ಲೂ ಬೇರು ಇಳಿಸಬೇಕು. ಐದನೇ ವಾರದಲ್ಲಿ, ಲೈಟ್ ಹತ್ತಿ ನಾಲ್ಕು ಗಂಟೆಯಾದ ಮೇಲೆ ಎಲೆಯ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಆಮ್ಲಜನಕದ ಗುಳ್ಳೆ ಕಟ್ಟಿ, ಒಂದೊಂದಾಗಿ ಬಿಡಿಸಿಕೊಂಡು ಮೇಲೇಳತೊಡಗಿತು. ಅಳತೆ ಕೂಡಿಬಂತು ಎಂದು ಖಾತ್ರಿಯಾದದ್ದು ಆಗಲೇ.

ನಡುವೆ ಒಂದೆರಡು ಪ್ರಯೋಗಗಳನ್ನೂ ಮಾಡಿದೆ. ನಾಲ್ಕು ಗಂಟೆ ಉರಿಸಿ, ಎರಡು ಗಂಟೆ ಆರಿಸಿ, ಮತ್ತೆ ನಾಲ್ಕು ಗಂಟೆ ಉರಿಸುವ ಕ್ರಮವನ್ನು ಒಂದು ತಿಂಗಳು ನಡೆಸಿದೆ. ಪಾಚಿ ಕಡಿಮೆಯಾಗಲಿಲ್ಲ, ಹೆಚ್ಚಲೂ ಇಲ್ಲ, ಬಿಟ್ಟುಬಿಟ್ಟೆ. ಕೆಂಪು ಬೀಡ್‌ಗಳನ್ನು ನಾಲ್ಕರಿಂದ ಎಂಟಕ್ಕೆ ಏರಿಸಿದಾಗ ರೋಟಾಲಾ ಕೆಂಡದಂತೆ ಕಂಡಿತು. ಒಂದು ತುದಿ ಚಿವುಟಿ ಕಿಟಕಿಯ ಬೆಳಕಿಗೆ ಹಿಡಿದರೆ ಮೊದಲಿನದೇ ಕಿತ್ತಳೆ. ಲೈಟ್ ಕಣ್ಣಿಗೆ ಬಣ್ಣ ತೋರಿಸಿತ್ತು, ಎಲೆಗೆ ಹಚ್ಚಿರಲಿಲ್ಲ. ಅದು ನಿಜವಾಗಿ ಕೆಂಪಾದದ್ದು ನೈಟ್ರೇಟ್ ಕಡಿಮೆ ಮಾಡಿದ ಮೇಲೆ. ನಾಲ್ಕಕ್ಕೇ ಮರಳಿದೆ.

ಮೇಲ್ಮುಚ್ಚಳಕ್ಕೆ ಗಾಜು ಇದ್ದರೆ ಹದಿನೈದು ದಿನಕ್ಕೊಮ್ಮೆ ವಿನೆಗರ್ ಹಾಕಿ ಒರೆಸಿ. ಸುಣ್ಣದ ಬಿಳಿ ಪೊರೆ ಕೂತ ಗಾಜಿನಡಿ ಅಳೆದಾಗ 5600 ಲಕ್ಸ್ ಇದ್ದದ್ದು 4300ಕ್ಕೆ ಇಳಿದಿತ್ತು. ಬೀಡ್ ಸೋತಿದೆ ಎಂದುಕೊಂಡು ಹೊಸದನ್ನು ತರಿಸುವ ಮೊದಲು ಆ ಗಾಜು ತೆಗೆದು ಇನ್ನೊಮ್ಮೆ ಅಳೆದು ನೋಡಿ.