ಕುಂಕುಮ ಇಟ್ಟ ಚಾಕು, ಇಡದ ಚಾಕು

ಅಕ್ಕನ ಮಗ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಓದುತ್ತಾನೆ. ಜೂನ್ ಕೊನೆಗೆ ಊರಿಗೆ ಬಂದವನು ಚೀಲದ ತಳದಿಂದ ಎರಡು ಸಣ್ಣ ಪೆಟ್ಟಿಗೆ ತೆಗೆದು ನನ್ನತ್ತ ಚಾಚಿದ. "ಚಾಕು ಅಲ್ವಾ? ಕೆಳಗಿಡು, ಅವನೇ ತಗೊಳ್ಳಲಿ" ಎಂದು ಅಮ್ಮ ತಡೆದಳು. ಕತ್ತಿ, ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತದೆ ಅನ್ನೋದು ನಮ್ಮ ಮನೆಯ ಕಾನೂನು. ಹುಡುಗ ನಗುತ್ತ ಮಣೆಯ ಮೇಲಿಟ್ಟ. ಇಟ್ಟವನೇ "ಮಾವ, ಒಂದು ನಾಣ್ಯ ಕೊಡು" ಎಂದ. ಅಲ್ಲಿ ಚಾಕು ಉಡುಗೊರೆ ಕೊಟ್ಟರೆ ಸ್ನೇಹ ಕಡಿದುಹೋಗುತ್ತದಂತೆ. ಪಡೆದವನು ಒಂದು ಬಿಡಿಕಾಸು ಕೊಟ್ಟರೆ ಅದು ಕೊಂಡದ್ದು ಅಂತ ಲೆಕ್ಕ. ಎರಡಕ್ಕೆ ಎರಡು ರೂಪಾಯಿ ಕೊಟ್ಟೆ. ಹೀಗೆ ಎರಡೂ ದೇಶದ ಶಾಸ್ತ್ರ ಮುಗಿಸಿ ಪೆಟ್ಟಿಗೆ ಬಿಚ್ಚಿದೆವು.

ಎರಡೂ ಒಪಿನೆಲ್ ಅನ್ನುವ ಫ್ರೆಂಚ್ ಕಂಪನಿಯ ಎಂಟನೇ ನಂಬರಿನ ಚಾಕು. ಬೀಚ್ ಮರದ ದುಂಡನೆಯ ಹಿಡಿ, ಎಂಟೂವರೆ ಸೆಂಟಿಮೀಟರಿನ ಅಲಗು, ಕುತ್ತಿಗೆಗೆ ಒಂದು ಲೋಹದ ಉಂಗುರ. ಅಷ್ಟೇ. ಮಡಚಿದರೆ ಕಿಸೆಯಲ್ಲಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಅಷ್ಟು ಹಗುರ. ಒಂದರ ಅಲಗಿನ ಮೇಲೆ 'ಕಾರ್ಬೋನ್' ಅಂತ ಇದೆ, ಇನ್ನೊಂದರ ಮೇಲೆ 'ಇನಾಕ್ಸ್' ಅಂತ. ಮೊದಲನೆಯದು ಹಳೇ ಕಾಲದ ಉಕ್ಕು, ಶೇ. 0.9ರಷ್ಟು ಕಾರ್ಬನ್ ಇರುವಂಥದ್ದು, ತುಕ್ಕು ಹಿಡಿಯುತ್ತದೆ. ಎರಡನೆಯದು ಸ್ವೀಡನ್ನಿನ 12ಸಿ27 ಅನ್ನುವ ಸ್ಟೇನ್‌ಲೆಸ್. ಕ್ರೋಮಿಯಂ ಇರುವುದರಿಂದ ಸುಲಭಕ್ಕೆ ತುಕ್ಕು ಹಿಡಿಯದು. ಮಡಚಿಟ್ಟರೆ ಮಾತ್ರ ಎರಡೂ ಅವಳಿಜವಳಿ. ಅಮ್ಮ ಕಾರ್ಬನ್ನಿನದಕ್ಕೆ ಗುರುತಿಗೆಂದು ಹಿಡಿಯ ಮೇಲೆ ಒಂದು ಬೊಟ್ಟು ಕುಂಕುಮ ಇಟ್ಟಳು. ಪೂಜೆಯೂ ಆಯಿತು.

ನನ್ನ ಕಸುಬು ಹೇಳಬೇಕು. ಸಿದ್ದಾಪುರದ ಕಡೆ ಸ್ವಲ್ಪ ಅಡಕೆ ತೋಟ, ಜೊತೆಗೆ ಸಣ್ಣ ನರ್ಸರಿ. ಮಳೆಗಾಲದಲ್ಲಿ ಉಪ್ಪಿನಕಾಯಿ ಮಾವಾದ ಅಪ್ಪೆಮಿಡಿಯ ಕಸಿ, ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ಕಾಳುಮೆಣಸಿನ ಕಸಿ. ಆ ಹಿಪ್ಪಲಿಯ ಬೇರು ನೀರು ನಿಂತರೂ ತಡೆಯುತ್ತದೆ, ಸೊರಗು ರೋಗಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ದಿನಕ್ಕೆ ನೂರಾರು ಸಲ ಚಾಕು ಎಳೆಯುವ ಕೆಲಸ ಇದು. ಸೊಂಟದ ಕೊಕ್ಕೆಗೆ ಸಿಕ್ಕಿಸಿದ ಕತ್ತಿ ಇದ್ದೇ ಇರುತ್ತದೆ, ಆದರೆ ಪೆನ್ಸಿಲ್ ದಪ್ಪದ ಕಡ್ಡಿಗೆ ಕತ್ತಿ ಎತ್ತಲಾಗುತ್ತದಾ?

ಮಡಚು ಚಾಕು ಅಂದರೆ ನನಗೆ ಒಂದು ಹೆದರಿಕೆ ಇತ್ತು. ಹತ್ತು ವರ್ಷದ ಹಿಂದೆ ಯಾವುದೋ ಜಾತ್ರೆಯಲ್ಲಿ ಕೊಂಡ ಚಾಕು, ಗಟ್ಟಿ ಕೊಂಬೆಗೆ ಒತ್ತುವಾಗ ಹಾಗೇ ಮಡಚಿಕೊಂಡು ತೋರುಬೆರಳಿಗೆ ಕೂತಿತ್ತು. ನಾಲ್ಕು ಹೊಲಿಗೆ. ಹಾಗಾಗಿ ಇದರಲ್ಲಿ ಮೊದಲು ನೋಡಿದ್ದೇ ಆ ಉಂಗುರವನ್ನು. ಉಂಗುರದಲ್ಲಿ ಒಂದು ಸೀಳು ಇದೆ. ಸೀಳು ಹಿಡಿಯ ಗಾಡಿಗೆ, ಅಂದರೆ ಅಲಗು ಕೂರುವ ತೋಡಿಗೆ, ಸರಿಯಾಗಿ ಕೂತರೆ ಅಲಗು ಮಡಚುತ್ತದೆ. ಅಲಗು ತೆರೆದು ಉಂಗುರವನ್ನು ಬೆರಳಲ್ಲಿ ತಿರುಗಿಸಿದರೆ ದಾರಿ ಮುಚ್ಚಿತು, ಇನ್ನು ಅಲಗು ಹಿಂದೆ ಬರುವುದಿಲ್ಲ. ಸ್ಪ್ರಿಂಗಿಲ್ಲ, ಗುಂಡಿಯಿಲ್ಲ. ಮಾರ್ಸೆಲ್ ಒಪಿನೆಲ್ ಎಂಬವರು 1955ರಲ್ಲಿ ಮಾಡಿದ್ದಂತೆ ಈ ಉಪಾಯ. ಈಗಿನವು ಮುಚ್ಚಿದಾಗಲೂ ಬೀಗ ಬೀಳುತ್ತವೆ, ಕಿಸೆಯಲ್ಲಿ ತಾನಾಗಿ ತೆರೆಯುವುದಿಲ್ಲ. ಒಂದೇ ಕೈಯಲ್ಲಿ ಟಪಕ್ಕಂತ ತೆರೆಯುವ ಶೋಕಿ ಇದಕ್ಕಿಲ್ಲ. ಉಗುರು ಸಿಕ್ಕಿಸಿ ಎರಡೂ ಕೈಯಲ್ಲಿ ಬಿಡಿಸಬೇಕು. ನನಗಂತೂ ಅದೇ ಇಷ್ಟವಾಯಿತು. ಅಷ್ಟು ಅವಸರ ಇದ್ದರೆ ಕತ್ತಿಯೇ ಇದೆಯಲ್ಲ.

ಅಲಗಿನ ಮೇಲೆ ಮೂರು ಬೆರಳೆತ್ತಿದ ಒಂದು ಕೈ, ಅದರ ಮೇಲೊಂದು ಕಿರೀಟ. 1909ರಿಂದ ಇರುವ ಮುದ್ರೆ ಅದು. ಕೈ ಸೆಂಟ್ ಜಾನ್ ಡ ಮೋರಿಯೆನ್ ಎಂಬ ಊರಿನ ಲಾಂಛನದಿಂದ, ಕಿರೀಟ ಆ ಊರಿರುವ ಸವಾಯ್ ಸೀಮೆಯ ಡ್ಯೂಕರ ನೆನಪಿಗೆ. ಹುಡುಗ ಅಲ್ಲಿನ ಚಾಕು ಮ್ಯೂಸಿಯಂ ನೋಡಿಕೊಂಡು ಬಂದಿದ್ದ, ಹೇಳುತ್ತಲೇ ಇದ್ದ. ನನಗೆ ಹಿಡಿಸಿದ್ದು ಒಂದೇ ಸಂಗತಿ. ಈ ಒಪಿನೆಲ್ ಮನೆಯವರು ಮೊದಲು ಕೊಡಲಿ, ಕುಡುಗೋಲು, ಸವರುಗತ್ತಿ ಮಾಡಿಕೊಡುವ ಬೆಟ್ಟದೂರಿನ ಕಮ್ಮಾರರು. 1890ರಲ್ಲಿ ಆ ಮನೆಯ ಹದಿನೆಂಟರ ಹುಡುಗ ಜೋಸೆಫ್ ರೈತರ ಕಿಸೆಗೆ ಅಂತ ಈ ಚಾಕು ಮಾಡಿದ. 1897ರಲ್ಲಿ ಒಂದರಿಂದ ಹನ್ನೆರಡರವರೆಗೆ ಅಳತೆ ಮಾಡಿ ನಂಬರು ಕೊಟ್ಟ. ತೋಟದವರಿಗಾಗಿ ಹುಟ್ಟಿದ ಚಾಕು ಅಂದಮೇಲೆ ತೋಟಕ್ಕೇ ಹೋಗಲಿ ಅಂತ ಮಾರನೇ ದಿನವೇ ಕೆಲಸಕ್ಕೆ ಹಚ್ಚಿದೆ.

ಆರಿದ್ರಾ ಮಳೆ ಜೋರು ಹಿಡಿದಿತ್ತು. ಅಪ್ಪೆಮಿಡಿಯ ಓಟೆ ಕಸಿಗೆ, ಅಂದರೆ ಓಟೆಯಿಂದ ಆಗಷ್ಟೇ ಮೊಳೆತ ಸಸಿಗೆ ಕಡ್ಡಿ ಕೂರಿಸುವುದಕ್ಕೆ, ಹದವಾದ ಕಾಲ. ಮೊಳೆತು ಹತ್ತು ಹನ್ನೆರಡು ದಿನದ ಸಸಿ, ಎಲೆ ಇನ್ನೂ ತಾಮ್ರದ ಬಣ್ಣ. ಕಡ್ಡಿ ಕೊಡುವ ಮರದಲ್ಲಿ ವಾರದ ಹಿಂದೆಯೇ ಎಲೆ ಸವರಿ ಇಟ್ಟಿದ್ದೆ, ಮೊಗ್ಗು ಉಬ್ಬಿತ್ತು. ಬುಡದ ಸಸಿಯನ್ನು ಸೀಳಬೇಕು, ಕಡ್ಡಿಯ ತುದಿಯನ್ನು ನಾಲ್ಕು ಸೆಂಟಿಮೀಟರು ಬೆಣೆಯ ಹಾಗೆ ಕೆತ್ತಬೇಕು, ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಎಲ್ಲಾ ಇರುವುದು ಆ ಬೆಣೆಯಲ್ಲಿ. ಕೆತ್ತಿದ ಮುಖ ಗಾಜಿನಂತೆ ಸಪಾಟಾಗಿದ್ದರೆ ಎರಡೂ ತೊಗಟೆ ಕೂಡಿಕೊಳ್ಳುತ್ತವೆ. ನಡುವೆ ಕುಳಿ ಬಿದ್ದರೆ ಗಾಳಿ ನಿಲ್ಲುತ್ತದೆ, ಕಡ್ಡಿ ಒಣಗುತ್ತದೆ.

ಎರಡು ಚಾಕುವಿಂದಲೂ ಇಪ್ಪತ್ತಿಪ್ಪತ್ತು ಕಸಿ ಮಾಡುವುದು ಅಂತ ಲೆಕ್ಕ ಹಾಕಿ ಕೂತೆ. ಹೊಸದರಲ್ಲಿ ಎರಡರ ಹರಿತವೂ ಒಂದೇ ಅನ್ನಿಸಿತು, ಕೈ ಮೇಲಿನ ಕೂದಲು ಬೋಳಿಸುತ್ತಿತ್ತು. ಆದರೆ ಮೊದಲ ಐದಾರು ಬೆಣೆ ನನಗೇ ಒಪ್ಪಿಗೆಯಾಗಲಿಲ್ಲ. ಕಸಿ ಚಾಕುವಿಗೆ ಒಂದೇ ಮಗ್ಗುಲಿಗೆ ಸಾಣೆ ಇರುತ್ತದೆ. ಕಡ್ಡಿಗೆ ತಾಗುವ ಮುಖ ಚಪ್ಪಟೆ, ಹಾಗಾಗಿ ಅದು ನೇರ ಹೋಗುತ್ತದೆ. ಇವು ಎರಡೂ ಮಗ್ಗುಲಿಗೆ ಸಾಣೆ ಇರುವ ಊಟದ ಚಾಕುಗಳು. ಸ್ವಲ್ಪ ಮೈಮರೆತರೂ ಅಲಗು ಒಳಕ್ಕೆ ಇಳಿದು ಚಮಚದಂತೆ ಕೆರೆಯುತ್ತದೆ. ಇದು ಚಾಕುವಿನ ತಪ್ಪಲ್ಲ, ಬೇರೆ ಕೆಲಸಕ್ಕೆ ಹಚ್ಚಿದವನದು. ಮಣಿಕಟ್ಟು ಬಿಗಿ ಹಿಡಿದು ಭುಜದಿಂದ ಎಳೆಯತೊಡಗಿದ ಮೇಲೆ ಕೆತ್ತು ನೆಟ್ಟಗಾಯಿತು. ಅಲಗು ತೆಳುವಾಗಿರುವುದು ಒಂದು ಲಾಭ. ಸಸಿ ಸೀಳುವಾಗ ಬಿರಿಯುವುದಿಲ್ಲ, ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ.

ಹತ್ತನೇ ಕಡ್ಡಿಗೆ ಬರುವಾಗ ಕುಂಕುಮದ ಚಾಕು ಬಣ್ಣ ಬದಲಿಸಿತು. ಮಾವಿನ ಸೊನೆ, ಒಗರು ತಾಗಿದಲ್ಲೆಲ್ಲ ನೀಲಿ, ಆಮೇಲೆ ಬೂದು. ಕಡ್ಡಿಯ ಕೆತ್ತಿದ ಮುಖದ ಮೇಲೂ ಕಪ್ಪು ಗೆರೆ. ಕಬ್ಬಿಣಕ್ಕೆ ಒಗರು ಸೇರಿದರೆ ಕಪ್ಪು. ಹಿಂದೆ ಅಳಲೆಕಾಯಿ ಜೊತೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದು ಇದೇ ಗುಣದಿಂದ. ಸ್ಟೇನ್‌ಲೆಸ್ಸಿನ ಕೆತ್ತು ಮಾತ್ರ ಹಸಿರು ಬಿಳುಪಾಗಿ ಚೆಂದ ಇತ್ತು. ಆಗಲೇ ಮನಸ್ಸಿನಲ್ಲಿ ತೀರ್ಪು ಕೊಟ್ಟುಬಿಟ್ಟೆ, ಕಾರ್ಬನ್ ಅಡುಗೆಮನೆಗೆ, ಇನಾಕ್ಸ್ ನರ್ಸರಿಗೆ ಅಂತ. ಆದರೂ ಪ್ರತಿ ಕೆತ್ತಿಗೂ ಸ್ಪಿರಿಟ್ ಬಟ್ಟೆಯಲ್ಲಿ ಅಲಗು ಒರೆಸಿಕೊಂಡು ಇಪ್ಪತ್ತು ಮುಗಿಸಿದೆ. ಒರೆಸಿದ ಮೇಲೆ ಗೆರೆ ಕಡಿಮೆಯಾಯಿತು. ತಿಂಗಳಾದ ಮೇಲೆ ಎಣಿಸಿದರೆ ಕಾರ್ಬನ್ನಿನಲ್ಲಿ 14 ಚಿಗುರಿದ್ದವು, ಸ್ಟೇನ್‌ಲೆಸ್ಸಿನಲ್ಲಿ 13. ಕಪ್ಪು ಗೆರೆಗೆ ಮಾವು ಏನೂ ತಲೆ ಕೆಡಿಸಿಕೊಂಡಂತಿಲ್ಲ.

ತೀರ್ಪು ತಿರುಗಿದ್ದು ಸಾಣೆಕಲ್ಲಿನ ಮುಂದೆ. ಎರಡು ದಿನದ ಕೆಲಸಕ್ಕೆ ಎರಡೂ ಸ್ವಲ್ಪ ಮೊಂಡಾಗಿದ್ದವು. ಕಾರ್ಬನ್ನಿನ ಅಲಗನ್ನು ನೀರು ಹಾಕಿದ ಕಲ್ಲಿನ ಮೇಲೆ ಒಂದೊಂದು ಮಗ್ಗುಲಿಗೆ ಹತ್ತು ಹದಿನೈದು ಸಲ ಎಳೆದೆ, ಅಂಚಿಗೆ ಎದ್ದ ಲೋಹದ ಸಿಬಿರು ಬೆರಳಿಗೆ ತಾಗಿತು. ಹಳೇ ಚರ್ಮದ ಬೆಲ್ಟಿನ ಮೇಲೆ ನಾಲ್ಕು ಸಲ ಸವರಿದೆ, ಮುಗಿಯಿತು. ಸ್ಟೇನ್‌ಲೆಸ್ ಕಲ್ಲಿನ ಮೇಲೆ ಜಾರುತ್ತದೆ, ಹೆಚ್ಚು ಹೊತ್ತು ಬೇಕು, ಸಿಬಿರೂ ಬೇಗ ಬಿಡುವುದಿಲ್ಲ. ಜಗುಲಿಯಲ್ಲಿ ಕೂತು, ಮಳೆ ನೋಡುತ್ತ, ಸಸಿಗಳ ನಡುವೆ ಐದು ನಿಮಿಷದಲ್ಲಿ ಮಸೆದು ಏಳಬೇಕಾದವನಿಗೆ ಇದು ದೊಡ್ಡ ವ್ಯತ್ಯಾಸ. ಮಸೆಯುವಾಗಲೆಲ್ಲ ಕಾರ್ಬನ್ನಿನದರ ಕಡ್ಡಿಗೆ ತಾಗುವ ಮಗ್ಗುಲನ್ನು ಸ್ವಲ್ಪ ಸ್ವಲ್ಪ ಚಪ್ಪಟೆ ಮಾಡುತ್ತ ಬಂದೆ. ಈಗ ಅದು ಅರ್ಧ ಕಸಿ ಚಾಕು ಆಗಿದೆ.

ಇನ್ನು ನನ್ನ ಎಡವಟ್ಟು. ಒಂದು ಸಂಜೆ ಕುಂಕುಮದ ಚಾಕುವನ್ನು ರೇನ್‌ಕೋಟಿನ ಒದ್ದೆ ಕಿಸೆಯಲ್ಲೇ ಮರೆತೆ. ಬೆಳಿಗ್ಗೆ ತೆಗೆದರೆ ಹಿಡಿ ನೀರು ಕುಡಿದು ಉಬ್ಬಿದೆ, ಅಲಗು ಗಾಡಿಯಲ್ಲಿ ಕಚ್ಚಿಕೊಂಡಿದೆ, ಉಗುರು ಹಾಕಿ ಎಳೆದರೆ ಉಗುರೇ ಬರುತ್ತದೆ. ಮಲೆನಾಡಿನ ಮಳೆಗೆ ಬಾಗಿಲೇ ಉಬ್ಬಿ ಚಿಲಕ ಬೀಳುವುದಿಲ್ಲ, ಮರದ ಹಿಡಿ ಉಬ್ಬದೆ ಇರುತ್ತದಾ? ಹುಡುಗ ಸವಾಯ್ ಕಡೆಯವರ ಪಟ್ಟು ತೋರಿಸಿದ. ಉಂಗುರದ ಸೀಳು ಸರಿಮಾಡಿಕೊಂಡು, ಹಿಡಿಯ ಬಾಲದ ತುದಿಯನ್ನು ಗಟ್ಟಿ ಜಾಗಕ್ಕೆ ಒಂದು ಸಲ ಕುಟ್ಟಬೇಕು. ಜಗುಲಿಯ ಕಲ್ಲಿಗೆ ಕುಟ್ಟಿದ, ಮೊನೆ ಹೊರಗೆ ಇಣುಕಿತು. ಅಲ್ಲಿನ ಅಜ್ಜಂದಿರು ಊಟದ ಮೇಜಿಗೇ ಕುಟ್ಟುತ್ತಾರಂತೆ. ಅಲಗಿನ ಮೇಲೆ ಕೆಂಪು ಚುಕ್ಕೆ ಎದ್ದಿತ್ತು. ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಕೆಂಪು ಹೋಯಿತು, ಬೂದು ಬಣ್ಣ ಉಳಿಯಿತು. ಆ ಬೂದು ಪದರ ಒಳ್ಳೆಯದೇ, ಕೆಂಪು ತುಕ್ಕು ಬೇಗ ಹತ್ತಲು ಬಿಡುವುದಿಲ್ಲ.

ಹಿಡಿಗೆ ಮದ್ದು ಮಾಡಿದ ಕ್ರಮ ಹೀಗೆ. ಚಾಕುವನ್ನು ತೆರೆದಿಟ್ಟು ಒಂದು ವಾರ ಒಲೆಯ ಮೇಲಿನ ಹೊಗೆಅಟ್ಟದಲ್ಲಿ ಇಟ್ಟೆ. ಮಳೆಗಾಲದಲ್ಲಿ ಬೇರೆಲ್ಲಿ ಒಣಗಬೇಕು? ಮರ ಕುಗ್ಗಿದ ಮೇಲೆ ಉಜ್ಜುಕಾಗದ ಮಡಚಿ ಗಾಡಿಯ ಒಳಗೆ ನಾಲ್ಕು ಎಳೆ ಎಳೆದೆ, ಜಾಸ್ತಿ ಬೇಡ. ಆಮೇಲೆ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಎರಡು ದಿನ ಬಿಟ್ಟು ಮತ್ತೆ ಹಚ್ಚಿ, ಹೀಗೆ ಮೂರು ಸಲ. ತೆಂಗಿನೆಣ್ಣೆ ಇಲ್ಲಿ ನಡೆಯುವುದಿಲ್ಲ, ಅದು ಆರಿ ಗಟ್ಟಿಯಾಗುವ ಎಣ್ಣೆಯಲ್ಲ. ಅಗಸೆ ಎಣ್ಣೆ ಆರಿ ಮರದೊಳಗೆ ಪದರವಾಗುತ್ತದೆ. ಒಂದು ಎಚ್ಚರ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ. ಅಲಗಿಗೆ ಮಾತ್ರ ತೆಂಗಿನೆಣ್ಣೆಯೇ ಸಾಕು, ಹಣ್ಣು ಹೆಚ್ಚಿದರೂ ಚಿಂತೆ ಇಲ್ಲ. ಹಲಸಿನ ಮೇಣ ಹತ್ತದಿರಲೂ ಅದೇ ಎಣ್ಣೆ.

ಈಗ ಎರಡು ತಿಂಗಳು. ಹಿಡಿ ಸ್ವಲ್ಪ ಕಂದಾಗಿದೆ, ಉಂಗುರ ನಯವಾಗಿ ತಿರುಗುತ್ತದೆ, ಮಳೆಯಲ್ಲಿ ಬಿಗಿಯಾದರೂ ಕುಟ್ಟುವ ಮಟ್ಟಕ್ಕೆ ಹೋಗಿಲ್ಲ. ಕುಂಕುಮ ಎಂದೋ ಅಳಿಸಿಹೋಯಿತು, ಗುರುತಿಗೆ ಅದು ಬೇಕಾಗಿಯೂ ಇಲ್ಲ. ಕಪ್ಪಗಾದದ್ದು ನನ್ನದು.

ಇನ್ನೊಂದರ ಸುದ್ದಿ ಹುಡುಗ ಮೊನ್ನೆ ಫೋನಿನಲ್ಲಿ ಕೇಳಿದ. ಅದು ಅಮ್ಮನ ವಶವಾಗಿದೆ. ಬಾಳೆಕಾಯಿ, ಬದನೆ, ಲಿಂಬೆ ಎಲ್ಲದಕ್ಕೂ ಅದೇ, ಕಪ್ಪಾಗುವುದಿಲ್ಲ ಅಂತ ಸಂತೋಷ. ಮೆಟ್ಟುಗತ್ತಿ ಹಲಸಿಗೂ ಸುವರ್ಣಗಡ್ಡೆಗೂ ಮಾತ್ರ. ಮಡಚುವುದನ್ನು ಮೂರು ಸಲ ಹೇಳಿಕೊಟ್ಟೆ. ಅವಳು ಉಂಗುರ ತಿರುಗಿಸಿ ತೆರೆದೇ ಇಟ್ಟಿದ್ದಾಳೆ, ಚಮಚದ ಡಬ್ಬಿಯಲ್ಲಿ ಮೊನೆ ಕೆಳಗೆ ಮಾಡಿ.